ಲಿಮಿಟ್ ತೆಗ್ದಿದೀನಿ, ಭಾವ

ಫೆಬ್ರುವರಿ 4
ಗುಡ್ಡದ ಮೇಲಿಂದ

ಬಾಮೈದನಿಗೆ,

ಗಾಳಿಗೆ ಬಿದ್ದ ಟವರನ್ನ ಇನ್ನೂ ಯಾರೂ ಎತ್ತಿ ನಿಲ್ಲಿಸಿಲ್ಲ. ಫೋನಿಲ್ಲ, ಅದಕ್ಕೇ ಕಾಗದ. ಬಸ್ ಡ್ರೈವರ್ ಕೈಲಿ ಕಳಿಸ್ತಿದ್ದೀನಿ, ಉತ್ತರಾನೂ ಅವನ ಕೈಲೇ ಕೊಡು.

ಮೊನ್ನೆ ಸತ್ತೇ ಹೋಗ್ತಿದ್ದೆ. ತಮಾಷೆ ಅಲ್ಲ. ಸೀಟು ತುಂಬ ಜನ, ಮೇಲೆ ಸಾಮಾನು, ಏರು ರಸ್ತೆ. ಮರಳು ಲಾರಿ ಒಂದನ್ನ ಓವರ್‌ಟೇಕ್ ಮಾಡ್ತಿದ್ದೆ. ಅರ್ಧ ದಾಟಿದ್ದೆ ಅಷ್ಟೇ, ಇಂಜಿನ್ ಲೈಟ್ ಹತ್ತಿತು, ಗಾಡಿ ಯಾರೋ ಹಿಂದಿಂದ ಹಿಡಿದು ಎಳೆದ ಹಾಗೆ ಕೂತುಬಿಡ್ತು. ಪೆಡಲ್ ನೆಲ ಮುಟ್ಟಿದ್ರೂ ಗಾಡಿಗೆ ಉಸಿರಿಲ್ಲ. ಎದುರಿಗೆ ಬಸ್ಸು. ಲಾರಿಯವನು ಒಳ್ಳೆಯವನು, ಬ್ರೇಕ್ ಹಾಕಿದ. ಸಂದೀಲಿ ನುಗ್ಗಿದೆ. ಬಲಗಡೆ ಕನ್ನಡಿ ಹೋಯ್ತು. ಆ ಬಸ್ಸಿನವನೇ ಈ ಕಾಗದ ತರ್ತಿರೋದು. ಅವನಿಗೆ ನನ್ನ ಮೇಲೆ ಸಿಟ್ಟಿದೆ, ಏನಾದ್ರೂ ಹೇಳಿದ್ರೆ ಕಿವಿಗೆ ಹಾಕ್ಕೋಬೇಡ.

ಹೀಗಾಗಿದ್ದು ಮೊದಲ ಸಲ ಅಲ್ಲ. ನಿಲ್ಲಿಸಿ, ಕೀ ತೆಗೆದು ಮತ್ತೆ ಹಾಕಿದ್ರೆ ಏನೂ ಆಗಿಲ್ಲ ಅನ್ನೋ ಹಾಗೆ ಓಡುತ್ತೆ. ನೀನೇ ಒಂದ್ಸಲ ಹೇಳಿದ್ದೆ, ಗಾಡಿ ಕಂಪ್ಯೂಟರಲ್ಲಿ ಲಿಮಿಟ್ ಅಂತ ಇರುತ್ತೆ, ಅದು ಮೀರಿದ್ರೆ ಇಂಜಿನ್ ತಾನೇ ಕುಂಟೋಕೆ ಶುರು ಮಾಡುತ್ತೆ, ಅದಕ್ಕೆ ಲಿಂಪ್ ಮೋಡ್ ಅಂತಾರೆ ಅಂತ. ಇಂಜಿನ್ ಪ್ರಾಣ ಉಳಿಸೋಕೆ ನನ್ನ ಪ್ರಾಣ ತೆಗೆಯೋ ಲಿಮಿಟ್ ನನಗೆ ಬೇಡ. ಲಿಮಿಟ್ ತೆಗಿ.

ಕನ್ನಡಿ ಕಂಬಕ್ಕೆ ತಾಗಿತು ಅಂತ ನಿಮ್ಮಕ್ಕನಿಗೆ ಹೇಳಿದ್ದೀನಿ. ನಿನ್ನ ಕಾಗದ ನನಗಿಂತ ಮೊದಲು ಅವಳೇ ಓದೋದು, ನೋಡ್ಕೊಂಡು ಬರಿ.

ಭಾವ


ಫೆಬ್ರುವರಿ 7
ಗ್ಯಾರೇಜಿಂದ

ಭಾವ,

ಇಲ್ಲಿ ನಾನು ಚೆನ್ನಾಗಿದ್ದೀನಿ, ನನ್ನ ಸ್ಪ್ಯಾನರ್ ಸೆಟ್ಟೂ ಚೆನ್ನಾಗಿದೆ. ಹತ್ತನೇ ನಂಬರಿನ ಸ್ಪ್ಯಾನರ್ ಮಾತ್ರ ಎಂದಿನ ಹಾಗೆ ನಾಪತ್ತೆ. ಹೋದ ವಾರ ಒಂದು ಗೇರ್‌ಬಾಕ್ಸ್ ನನ್ನ ಕಾಲ ಮೇಲೆ ಪ್ರೀತಿಯಿಂದ ಬಂದು ಕೂತ್ಕೊಳ್ತು. ತೊಡೆವರೆಗೂ ಪ್ಲಾಸ್ಟರ್. ಅಕ್ಕನಿಗೆ ಹೇಳಿ, ಅವಳ ತಮ್ಮ ಈಗ ಖುದ್ದು ಲಿಂಪ್ ಮೋಡಲ್ಲಿದ್ದಾನೆ.

ನಿಮ್ಮ ಕನ್ನಡಿ ಒಡೆದ ಕಂಬ ಇಲ್ಲಿಗೆ ಬಂದಿತ್ತು. ಕೂರಿಸಿ ಟೀ ಕೊಟ್ಟೆ. "ಆ ಯಪ್ಪನ ಕೈಗೆ ಸ್ಟೀರಿಂಗ್ ಕೊಟ್ಟೋರು ಯಾರು?" ಅಂತ ಕೇಳ್ತು. ಕಂಬಕ್ಕೂ ಬಾಯಿ ಬಂದಿರೋ ಕಾಲ ಭಾವ.

ಈಗ ಪಾಠ. ನೀವು ಹತ್ತನೇ ಕ್ಲಾಸು, ನಾನು ಐದು. ಆದ್ರೂ ಕೇಳಿ. ಟರ್ಬೊ ಅಂದ್ರೆ ಇಂಜಿನ್ನಿನ ಹೊಗೆ ಜೋರಿಗೆ ತಿರುಗೋ ಫ್ಯಾನು. ಅದು ಇಂಜಿನ್ ಬಾಯಿಗೆ ಗಾಳಿ ತುರುಕುತ್ತೆ. ಗಾಳಿ ಜಾಸ್ತಿ ಆದ್ರೆ ಡೀಸೆಲ್ ಜಾಸ್ತಿ, ಡೀಸೆಲ್ ಜಾಸ್ತಿ ಆದ್ರೆ ತಿರುಚೋ ಬಲ ಜಾಸ್ತಿ. ಟಾರ್ಕ್ ಅನ್ನೋದು ಆ ಬಲಕ್ಕೇ. ಒದ್ದೆ ಬಟ್ಟೆ ಹಿಂಡ್ತಾರಲ್ಲ, ಹಾಗೆ. ಲಿಮಿಟ್ ಏನು ಹೇಳುತ್ತೆ? "ಹಿಂಡಪ್ಪಾ, ಹರೀಬೇಡ" ಅನ್ನುತ್ತೆ, ಅಷ್ಟೇ. (ನೀವು ಕೊನೇ ಸಲ ಬಟ್ಟೆ ಹಿಂಡಿದ್ದು ಯಾವಾಗ ಅಂತ ನಾನು ಅಕ್ಕನ್ನ ಕೇಳಲ್ಲ.)

ಆ ಫ್ಯಾನಿನ ಸುತ್ತ ಸಣ್ಣ ಸಣ್ಣ ರೆಕ್ಕೆ ಇವೆ. ಗಾಳಿ ಸಾಕು ಅಂದಾಗ ಅವು ಸರಿದು ದಾರಿ ಬಿಡ್ಬೇಕು. ನಿಮ್ಮ ಗಾಡೀಲಿ ಮಸಿ ಹಿಡಿದು ಅಂಟ್ಕೊಂಡಿರ್ಬೇಕು. ಗಾಳಿ ಮಿತಿ ಮೀರುತ್ತೆ, ಕಂಪ್ಯೂಟರ್ ಹೆದರಿ ಬಾಗಿಲು ಹಾಕುತ್ತೆ. ಗಾಡಿ ಇಲ್ಲಿಗೆ ತನ್ನಿ. ಕೂತಲ್ಲೇ ಬಿಚ್ಚಿ ತೊಳೆದು ಕೊಡ್ತೀನಿ. ಲಿಮಿಟ್ ಮಾತ್ರ ತೆಗೆಯಲ್ಲ.

ನಿಮ್ಮ ಬಾಮೈದ


ಫೆಬ್ರುವರಿ 11
ಗುಡ್ಡದ ಮೇಲಿಂದ

ಶ್ರೀಯುತ ಮೆಕ್ಯಾನಿಕ್ ಮಹಾಶಯರೇ,

ಟೀ ಕುಡಿಯೋ ಕಂಬ ಯಾವುದು ಅಂತ ತಮ್ಮ ಅಕ್ಕನವರು ಕೇಳಿದರು. ಹೇಳಬೇಕಾಯ್ತು. ಈಗ ಮನೇಲಿ ನನ್ನ ಜೊತೆ ಮಾತಿಲ್ಲ. ತಮ್ಮ ಉಪಕಾರ ದೊಡ್ಡದು.

ತಾವು ಬಟ್ಟೆ ಹಿಂಡೋ ಪಾಠ ಹೇಳಿಕೊಟ್ಟಿರಿ, ಸಂತೋಷ. ನಾನು ಸಾವು ನೋಡಿ ಬಂದೆ ಅಂತ ಬರೆದಿದ್ದಕ್ಕೆ ತಮ್ಮಿಂದ ಬಂದಿದ್ದು ಸ್ಪ್ಯಾನರ್ ಜೋಕು. ಗಾಡಿ ತರೋಕಾಗಲ್ಲ. ಇಲ್ಲಿಂದ ಕೆಳಗಿಳಿಯೋ ಜನಕ್ಕೆ ಬಸ್ ಬಿಟ್ರೆ ನಂದೊಂದೇ ಗಾಡಿ. ಒಂದು ವಾರ ನಿಲ್ಲಿಸಿದ್ರೆ ಬೇರೆ ಯಾವನೋ ಬಂದು ಆ ಜಾಗದಲ್ಲಿ ನಿಲ್ತಾನೆ.

ತಮಗೆ ಕಷ್ಟ ಆದ್ರೆ ಬಿಡಿ. ಇಲ್ಲಿ ರೇಡಿಯೊ ರಿಪೇರಿಯವನು ಇದ್ದಾನೆ. "ಅದೇನು ಮಹಾ, ನಾನು ತೆಗೀತೀನಿ ಸಾರ್" ಅಂತಾನೆ.

ನಿಮ್ಮಕ್ಕ ನಿನ್ನ ಕಾಗದಾನ ಕೊನೇ ಸಾಲಿಂದ ಓದ್ತಾಳೆ, ಗೊತ್ತಾ? "ನನ್ನ ತಮ್ಮ ತಲೇಲಿ ಇರೋದನ್ನ ಬಾಲದಲ್ಲಿ ಬರೀತಾನೆ" ಅಂತಾಳೆ. ಈ ಸಲ ಬಾಲದಲ್ಲಿ "ತೆಗೆಯಲ್ಲ" ಅಂತ ಇದ್ರೆ ಕಾಗದಾನೇ ಬರೀಬೇಡ.

ಭಾವ


ಫೆಬ್ರುವರಿ 16
ಗ್ಯಾರೇಜಿಂದ

ಭಾವ,

ಸಿಟ್ಟು ಬಿಡಿ. ನಿಮ್ಮ "ತಾವು" ಓದಿ ನನ್ನ ಪ್ಲಾಸ್ಟರೇ ಬಿರುಕು ಬಿಡ್ತು.

ಇದರ ಜೊತೆ ಬೆರಳುಗುರಿನಷ್ಟು ಮೆಮೊರಿ ಕಾರ್ಡ್ ಇದೆ. ಗಾಡಿ ಕಂಪ್ಯೂಟರ್ ಓದೋಕೆ ಅಂತ ಹೋದ ವರ್ಷ ಕೊಟ್ಟ ಕೈಯಂತ್ರಕ್ಕೆ ಹಾಕಿ, ಸ್ಟೀರಿಂಗ್ ಕೆಳಗೆ ಚುಚ್ಚಿ, ಹಸಿರು ಬಟನ್ ಒತ್ತಿ. ಮುಗಿಯೋವರೆಗೂ ಬಾಗಿಲು ತೆಗೆಯೋದು, ಹಾರ್ನ್ ಹೊಡೆಯೋದು, ಸೀನೋದು ಏನೂ ಮಾಡ್ಬೇಡಿ. ಸೀನೋದು ನನ್ನ ಸೇರ್ಪಡೆ, ಮಿಕ್ಕಿದ್ದೆಲ್ಲ ನಿಜ.

ಪೆಡಲ್ಲೂ ಚುರುಕು ಮಾಡಿದ್ದೀನಿ, ಮುಟ್ಟಿದ್ರೆ ಎಗರುತ್ತೆ. ಹುಷಾರಾಗಿ ಓಡಿಸಿ. ಓವರ್‌ಟೇಕ್ ಆತುರ ಬೇಡ. ಆ ರೇಡಿಯೊದವನನ್ನ ಗಾಡಿ ಹತ್ರ ಸೇರಿಸ್ಬೇಡಿ, ಅವನು ಹಾಡು ಬರೋ ಸಾಮಾನು ನೋಡ್ಕೊಳ್ಳಲಿ.

ಅಕ್ಕ ಬಾಲದಿಂದ ಓದೋದಾದ್ರೆ ಬಾಲ ಇದು: ಲಿಮಿಟ್ ತೆಗ್ದಿದೀನಿ, ಭಾವ.


ಫೆಬ್ರುವರಿ 21
ಗುಡ್ಡದ ಮೇಲಿಂದ

ಬಾಮೈದ,

ಗಾಡಿ ಹಾರ್ತಿದೆ ಕಣೋ! ಪೆಡಲ್ ಮೇಲೆ ಕಾಲಿನ ನೆರಳು ಬಿದ್ರೆ ಸಾಕು. ಅದೇ ಏರಲ್ಲಿ ಅದೇ ಮರಳು ಲಾರಿ ಸಿಕ್ತು, ಹೆಂಗೆ ದಾಟಿದೆ ಅಂದ್ರೆ ಲಾರಿಯವನು ಸಲಾಂ ಹೊಡೆದ. ನಿಮ್ಮಕ್ಕನೂ ಮಾತಾಡಿಸ್ತಿದ್ದಾಳೆ. ಇಷ್ಟು ದಿನ ಈ ಲಿಮಿಟ್ ಅನ್ನೋ ಪೀಡೆ ಯಾಕಿಟ್ಟಿದ್ರಪ್ಪಾ! ನೀನು ತಡ ಮಾಡಿದೆ, ಆದ್ರೂ ಮಾಡಿದೆ.

ನಿನ್ನ ಕಾಲು ಹೇಗಿದೆ?

ಭಾವ


ಫೆಬ್ರುವರಿ 24
ಗ್ಯಾರೇಜಿಂದ

ಭಾವ,

ನಿಮ್ಮ ಕಾಗದ ಓದಿ ಒಬ್ಬನೇ ಕೂತು ನಕ್ಕೆ. ಯಾಕೆ ಅಂತ ಕೇಳ್ಬೇಡಿ, ಒಂದಿನ ಎದುರಿಗೆ ಕೂರಿಸಿ ಹೇಳ್ತೀನಿ. ಗಾಡಿಗಿಂತ ಮನಸ್ಸಿಗೇ ಟ್ಯೂನಿಂಗ್ ಜಾಸ್ತಿ ಬೇಕು ಅಂತ ಬರೆದು ಗೋಡೆಗೆ ಅಂಟಿಸ್ಬೇಕು ಅಂತಿದ್ದೀನಿ.

ಕಾಲು ಕೆರೀತಿದೆ. ಪ್ಲಾಸ್ಟರ್ ಒಳಗೆ ಕೆರೆಯೋಕೆ ಆಯಿಲ್ ನೋಡೋ ಕಡ್ಡಿ ತೂರಿಸಿದ್ದೆ. ಲೆವೆಲ್ ಸರಿಯಾಗಿದೆ.

ಬಾಮೈದ


ಮಾರ್ಚ್ 9
ಗುಡ್ಡದ ಮೇಲಿಂದ

ಬಾಮೈದ,

ಬಹಳ ದಿನ ಆಯ್ತು ಬರೆದು. ಬಸ್ ಡ್ರೈವರ್ ರಜೆ ಹಾಕಿದ್ದ. ವಿಶೇಷ ಏನಿಲ್ಲ.

ಗಾಡಿ ಈಗ ಇನ್ನೂ ಚೆನ್ನಾಗಿದೆ. ಮೊದಲು ಆ ಟರ್ಬೊ ಗಾಳಿ ತೋರಿಸೋ ಮುಳ್ಳು ಕುಣೀತಾ ಇತ್ತಲ್ಲ, ಈಗ ಅಲ್ಲಾಡೋದೇ ಇಲ್ಲ. ಏರಲ್ಲೂ ಅಷ್ಟೇ, ಇಳಿಜಾರಲ್ಲೂ ಅಷ್ಟೇ, ಸನ್ಯಾಸಿ ಹಾಗೆ ನಿಂತಿರುತ್ತೆ. ಲೈಟಂತೂ ಇಲ್ವೇ ಇಲ್ಲ. ಎಳೆತ ನೀನು ಮಾಡಿಕೊಟ್ಟಿದ್ದಕ್ಕಿಂತ ಜಾಸ್ತಿ. ಸ್ವಲ್ಪ ಆಯಿಲ್ ಕುಡೀತಿದೆ, ಬೆಳಗ್ಗೆ ನೀಲಿ ಹೊಗೆ ಬಿಡುತ್ತೆ. ವಯಸ್ಸಾಯ್ತಲ್ಲ, ಅದಕ್ಕೂ ನನ್ನ ಹಾಗೆ ಬೆಳಗ್ಗೆ ಕೆಮ್ಮು.

ನಿನ್ನ ಕಾಲು ಕಣ್ಣಾರೆ ನೋಡದೆ ನೆಮ್ಮದಿ ಇಲ್ಲ ಅಂತ ನಿಮ್ಮಕ್ಕ ಹಟ ಹಿಡಿದಿದ್ದಾಳೆ. ಗುರುವಾರ ಬೆಳಗ್ಗೆ ಹೊರಡ್ತೀವಿ. ಹಿಂದೆ ನಾಲ್ಕು ಜನ ಪ್ಯಾಸೆಂಜರ್ ಇದ್ದಾರೆ, ಅವರನ್ನ ಇಳಿಸಿ ಮಧ್ಯಾಹ್ನ ಊಟದ ಹೊತ್ತಿಗೆ ನಿನ್ನ ಗ್ಯಾರೇಜ್ ಮುಂದೆ ಇರ್ತೀವಿ.

ಭಾವ


ಬುಧವಾರ, ಮಾರ್ಚ್ 13
ಗ್ಯಾರೇಜಿಂದ

ಭಾವ,

ನಿಮ್ಮ ಕಾಗದ ಈಗ ಸಿಕ್ತು, ಸಂಜೆ ಬಸ್ಸಲ್ಲಿ. ಒಂದು ಜೋಕಿಂದ ಶುರು ಮಾಡೋಣ ಅಂತ ಪೆನ್ನು ಹಿಡಿದೆ. ಬರ್ತಿಲ್ಲ.

ಮುಳ್ಳು ಅಲ್ಲಾಡಲ್ಲ ಅಂದ್ರಿ. ಬದುಕಿರೋ ಇಂಜಿನ್ನಿನ ಮುಳ್ಳು ಅಲ್ಲಾಡ್ಲೇಬೇಕು ಭಾವ. ಗೇರ್ ಬದಲಿಸಿದ್ರೆ ಬೀಳುತ್ತೆ, ಒತ್ತಿದ್ರೆ ಏಳುತ್ತೆ. ಅದು ನಿಂತಿದೆ ಅಂದ್ರೆ ಯಾರೋ ಅದರ ಕತ್ತು ಹಿಡಿದಿದ್ದಾರೆ. ಆ ರೇಡಿಯೊದವನು ಗಾಳಿ ಅಳೆಯೋ ಸೆನ್ಸರಿನ ವೈರಿಗೆ ಒಂದು ಚಿಕ್ಕ ಪೆಟ್ಟಿಗೆ ಸೇರಿಸಿದ್ದಾನೆ, ಹೌದಾ ಅಲ್ವಾ? ಇಲ್ಲ ಅಂತ ಬರೆದ್ರೆ ನಂಬಲ್ಲ.

ಆ ಪೆಟ್ಟಿಗೆ ಏನು ಮಾಡುತ್ತೆ ಗೊತ್ತಾ? ಕಂಪ್ಯೂಟರ್ "ಗಾಳಿ ಎಷ್ಟಿದೆ?" ಅಂತ ಕೇಳುತ್ತೆ. ಪೆಟ್ಟಿಗೆ "ಕಮ್ಮಿನೇ ಇದೆ ಸಾರ್" ಅನ್ನುತ್ತೆ. ಕಂಪ್ಯೂಟರ್ ಪಾಪ ಇನ್ನಷ್ಟು ಕೊಡುತ್ತೆ. ಕೊಟ್ಟಷ್ಟೂ "ಕಮ್ಮಿ" ಅನ್ನುತ್ತೆ. ಫ್ಯಾನು ತಡೆಯೋಕಾಗದಷ್ಟು ತಿರುಗ್ತಿದೆ. ನೀಲಿ ಹೊಗೆ ನಿಮ್ಮ ಕೆಮ್ಮಲ್ಲ, ಟರ್ಬೊ ಒಳಗಿಂದ ಆಯಿಲ್ ಇಂಜಿನ್ ಬಾಯಿಗೆ ಹೋಗ್ತಿದೆ. ಅದು ಪೂರ್ತಿ ಒಡೆದ ದಿನ ಇಂಜಿನ್ ನಿಮ್ಮ ಮಾತು ಕೇಳಲ್ಲ.

ಬಸ್ ಡ್ರೈವರಿಗೆ ಹೇಳಿದ್ದೀನಿ, ಬೆಳಗ್ಗೆ ಮೇಲೆ ಬರುವಾಗ ದಾರೀಲಿ ನಿಮ್ಮ ಗಾಡಿ ಸಿಕ್ರೆ ಅಡ್ಡ ನಿಲ್ಲಿಸಿ ಇದನ್ನ ಕೊಡು ಅಂತ. ಬೆಳಗ್ಗೆ ಅದರಲ್ಲಿ ನಾನೇ ಬರೋಣ ಅಂತ ಈಗ್ಲೇ ಬಸ್ ಮೆಟ್ಟಿಲು ಹತ್ತಿ ನೋಡ್ದೆ. ಈ ಹಾಳು ಕಾಲು ಬಗ್ಗಲ್ಲ, ಒಳಗೆ ಹಿಡಿಸಲ್ಲ ಅಂತ ಕಂಡಕ್ಟರ್ ಇಳಿಸಿದ.

ಗಾಡಿ ಸ್ಟಾರ್ಟ್ ಮಾಡ್ಬೇಡಿ. ದಾರೀಲಿದ್ರೆ ನಿಲ್ಲಿಸಿ, ಎಲ್ಲರನ್ನೂ ಇಳಿಸಿ.

ಅಕ್ಕ, ಇದು ನಿನಗೆ, ದಪ್ಪಕ್ಷರದಲ್ಲಿ. ಇಂಜಿನ್ ತಾನಾಗೇ ಕಿರುಚೋಕೆ ಶುರು ಮಾಡಿದ್ರೆ ಕೀ ತೆಗೆದ್ರೂ ನಿಲ್ಲಲ್ಲ, ಅದು ಡೀಸೆಲ್ ಬಿಟ್ಟು ತನ್ನ ಆಯಿಲನ್ನೇ ಸುಡ್ತಿರುತ್ತೆ. ಟಾಪ್ ಗೇರ್ ಹಾಕ್ಬೇಕು. ಬ್ರೇಕ್ ಪೂರ್ತಿ ಒತ್ತಿ ಹಿಡೀಬೇಕು. ಕ್ಲಚ್ಚಿಂದ ಕಾಲು ಫಟ್ ಅಂತ ಎತ್ಬೇಕು. ಇಂಜಿನ್ ಉಸಿರುಕಟ್ಟಿ ಸಾಯುತ್ತೆ.

ಸಾಯಲಿ.

ಇನ್ನೊಂದು ಮಾತು ಇದೆ. ನೀವು ತೆಗಿ ಅಂದ್ರಿ. ನಾನು ಲಿಮಿಟ್ ಬರೆದಿರೋ ಫೈಲ್ ತೆಗ್ದೆ, ನೋಡ್ದೆ, ಹಾಗೇ ಮುಚ್ಚಿದೆ. ಬಾಗಿಲು ತೆಗೆದ ಹಾಗೆ ತೆಗ್ದೆ, ಹಲ್ಲು ಕಿತ್ತ ಹಾಗಲ್ಲ. ಪೆಡಲ್ ಮಾತ್ರ ಚುರುಕು ಮಾಡಿ ಕಳಿಸ್ದೆ. ಅದಕ್ಕೇ ಗಾಡಿ ಮತ್ತೆ ಕುಂಟಿರುತ್ತೆ, ಅದಕ್ಕೇ ನೀವು ಪೆಟ್ಟಿಗೆ ಹಾಕಿಸಿರ್ತೀರಿ. ನಾನು ಲಿಮಿಟ್ ತೆಗ್ದಿರ್ಲಿಲ್ಲ, ಭಾವ.


ಗುರುವಾರ, ಮಾರ್ಚ್ 14
ಗ್ಯಾರೇಜಿಂದ

ಭಾವ,

ಊಟದ ಹೊತ್ತು ಕಳೀತು. ಎಲ್ಲರಿಗೂ ಅಂತ ಮಾಡಿದ ಅಡುಗೆ ಆರಿದೆ. ಗ್ಯಾರೇಜ್ ಮುಂದೆ ಕುರ್ಚಿ ಹಾಕ್ಕೊಂಡು ಕೂತಿದ್ದೀನಿ. ಡೀಸೆಲ್ ಗಾಡಿ ಸದ್ದು ದೂರದಲ್ಲಿ ಕೇಳಿದ್ರೆ ಎದ್ದು ನಿಲ್ತೀನಿ. ತಿರುವಲ್ಲಿ ಬಂದಾಗ ನಿಮ್ಮದಲ್ಲ ಅಂತ ಗೊತ್ತಾಗುತ್ತೆ. ಕೂರ್ತೀನಿ.

ಗುಡ್ಡದ ಕಡೆಯಿಂದ ಬಂದ ಲಾರಿಯವನೊಬ್ಬ, ಮೇಲೆ ಒಂದು ಕಡೆ ರಸ್ತೆ ತುಂಬ ಬಿಳೀ ಹೊಗೆ ನಿಂತಿತ್ತು, ಏನು ಅಂತ ಕಾಣ್ಲಿಲ್ಲ ಅಂದ. ಗಾಡಿ ಬಣ್ಣ ಕೇಳಿದೆ. ಹೊಗೇಲಿ ಬಣ್ಣ ಯಾರು ನೋಡ್ತಾರೆ ಅಂದ.

ಈ ಕಾಗದ ಯಾರ ಕೈಲಿ ಕಳಿಸ್ಬೇಕೋ ಗೊತ್ತಿಲ್ಲ. ಬರೀದೆ ಇರೋಕೂ ಆಗ್ತಿಲ್ಲ.

ಅಕ್ಕ, ನಿನ್ನನ್ನ ಆ ಗಾಡೀಲಿ ಕೂರಿಸಿದ್ದು ನನ್ನ ಜಾಣತನ.


ಶುಕ್ರವಾರ, ಮಾರ್ಚ್ 15
ರಸ್ತೆ ಕೆಲಸದವರ ಶೆಡ್ಡಿಂದ

ಬಾಮೈದ,

ಎಲ್ಲರೂ ಬದುಕಿದ್ದೀವಿ. ಇದನ್ನ ಮೊದಲು ಬರಿ ಅಂತ ನಿಮ್ಮಕ್ಕ ಪಕ್ಕದಲ್ಲಿ ಕೂತು ಹೇಳ್ತಿದ್ದಾಳೆ.

ನಿನ್ನೆ ಕೆಳಗೆ ಬರುವಾಗ, ದಾರಿ ಮಧ್ಯೆ ಸಿಗೋ ಏರಿನ ಬುಡದಲ್ಲಿ ಬಸ್ಸು ಅಡ್ಡ ನಿಂತಿತು. ಹಳೇ ಸಿಟ್ಟು ತೀರಿಸ್ಕೊಳ್ತಿದ್ದಾನೆ ಅಂದ್ಕೊಂಡೆ. ಕಿಟಕೀಲಿ ನಿನ್ನ ಕಾಗದ ಕೊಟ್ಟು, "ಇಲ್ಲೇ ನಿಲ್ಲಿಸಿ ಓದ್ಬೇಕಂತೆ" ಅಂದ. "ನಿಂತು ಓದೋಕೆ ಅದೇನು ಕೋರ್ಟ್ ಆರ್ಡರಾ?" ಅಂದು ಹೊರಟುಬಿಟ್ಟೆ. ನಿಮ್ಮಕ್ಕ ಗಾಡಿ ಓಡ್ತಿರೋ ಹಾಗೇ ಕಾಗದ ಬಿಚ್ಚಿದ್ಲು. ಅವಳ ಅಭ್ಯಾಸ ನಿನಗೆ ಗೊತ್ತಲ್ಲ. ಬಾಲದಿಂದ.

"ರೀ, ಲಿಮಿಟ್ ತೆಗ್ದಿರ್ಲಿಲ್ವಂತೆ."

"ಏನಂದೆ?"

"ಫೈಲ್ ತೆಗ್ದು ಮುಚ್ಚಿದ್ನಂತೆ. ಪೆಟ್ಟಿಗೆ ಅಂತ ಏನೋ ಇದೆ. ಯಾವ ಪೆಟ್ಟಿಗೆ?"

ಪೆಟ್ಟಿಗೆ ಮಾತು ನನ್ನ ಕಿವಿಗೆ ಬೀಳಲಿಲ್ಲ. ತೆಗ್ದಿರ್ಲಿಲ್ಲ ಅನ್ನೋದೊಂದೇ ಬಿತ್ತು. ಊರೆಲ್ಲ ಹೇಳ್ಕೊಂಡು ತಿರುಗಿದ್ದೆ, ನನ್ನ ಬಾಮೈದ ಲಿಮಿಟ್ ತೆಗೆದ ಅಂತ. "ನೋಡು ಹಾಗಾದ್ರೆ ನಿನ್ನ ತಮ್ಮನ ಲಿಮಿಟ್ಟು!" ಅಂತ ಪೆಡಲ್ ಪೂರ್ತಿ ಒತ್ತಿದೆ.

ಮುಂದುಗಡೆ ಟಪ್ ಅಂತು. ಆಮೇಲೆ ಕಿರುಚಾಟ. ಕಾಲು ತೆಗೆದೆ, ಕಿರುಚಾಟ ಜಾಸ್ತಿ ಆಯ್ತು. ಕ್ಲಚ್ ಒತ್ತಿದೆ, ಇನ್ನೂ ಜಾಸ್ತಿ. ಕೀ ತಿರುಗಿಸಿ ಕಿತ್ತೇ ತೆಗೆದೆ. ಕೀ ನನ್ನ ಕೈಲಿತ್ತು, ಇಂಜಿನ್ ಓಡ್ತಿತ್ತು. ಹಿಂದೆ ಮುಂದೆ ಎಲ್ಲ ಬಿಳೀ ಹೊಗೆ. ಎಡಗಡೆ ಪ್ರಪಾತ ಎಲ್ಲಿ ಶುರು ಅಂತ ಕಾಣ್ತಿಲ್ಲ. ಹಿಂದಿನ ಸೀಟಿನವರು ಬಾಗಿಲು ಬಡೀತಿದ್ದಾರೆ.

"ಮುಂದೇನು ಬರ್ದಿದ್ದಾನೆ, ಓದೇ!" ಅಂದೆ.

"ಸಾಯಲಿ ಅಂತ ಬರ್ದಿದ್ದಾನೆ ರೀ!"

"ಯಾರು, ನಾನಾ?"

"ಕ್ಲಚ್ಚಿಂದ ಕಾಲು ಎತ್ಬೇಕಂತೆ... ಅದಕ್ಕೆ ಮುಂಚೆ ಬ್ರೇಕು..."

"ಮೇಲಿಂದ ಓದೇ, ಮಾರಾಯ್ತಿ!"

ನಿನ್ನ ಕಾಗದಾನ ಅವಳು ಮೇಲಿಂದ ಕೆಳಕ್ಕೆ ಓದಿದ್ದು ಅದೇ ಮೊದಲು. ಸ್ಕೂಲಲ್ಲಿ ಪಾಠ ಒಪ್ಪಿಸೋ ಹಾಗೆ, ಒಂದೊಂದೇ ಪದ, ನಡುಗದೆ. ಟಾಪ್ ಗೇರ್. ಬ್ರೇಕ್. ಕ್ಲಚ್. ಗಾಡಿ ಒದ್ದಾಡಿತು, ಒಂದು ಸಲ ಎದ್ದು ಕೂತ ಹಾಗೆ ಆಯ್ತು, ಆಮೇಲೆ ಸದ್ದಿಲ್ಲ. ಹೊಗೆ ಹೋದ ಮೇಲೆ ಇಳಿದು ನೋಡಿದೆ. ಎಡಗಡೆ ಮುಂದಿನ ಚಕ್ರದ ಪಕ್ಕ ಕಾಲಿಡೋಕೂ ಜಾಗ ಇರ್ಲಿಲ್ಲ.

ಇಂಜಿನ್ ಮುಗೀತು. ಹೌದು, ನೀನು ಕಾರ್ಡ್ ಕಳಿಸಿದ ಮೇಲೂ ಗಾಡಿ ಮತ್ತೆ ಕುಂಟಿತ್ತು. ಲಿಮಿಟ್ ಹೋಗಿದೆ ಅಂತ ನೀನು ಹೇಳಿದ್ದೆ, ಹಾಗಾದ್ರೆ ಸುಳ್ಳು ಹೇಳ್ತಿರೋದು ಸೆನ್ಸರೇ ಇರ್ಬೇಕು, ಅದರ ಬಾಯಿ ಮುಚ್ಚಿಸೋಣ ಅಂದ್ಕೊಂಡೆ. ಪೆಟ್ಟಿಗೆ ಹಾಕಿಸಿದೆ. ನಿನ್ನ ಕೆಲಸ ಕೆಟ್ಟಿತು ಅಂತ ನಿನಗೆ ಹೇಳೋಕೆ ಮನಸ್ಸು ಬರ್ಲಿಲ್ಲ. ನಿಜ ಹೇಳ್ಬೇಕು ಅಂದ್ರೆ, ನೀನು ಮತ್ತೆ ಬಟ್ಟೆ ಹಿಂಡೋ ಪಾಠ ಶುರು ಮಾಡ್ತೀಯ ಅಂತ ಭಯ.

ಭಾವ

ತಮ್ಮಾ, ಇದು ನಾನು. ನಾನು ಕೂತಿದ್ದ ಗಾಡಿ ಬಗ್ಗೆ ಒಬ್ಬೊಬ್ಬರೂ ಅರ್ಧರ್ಧ ಬಚ್ಚಿಟ್ಟಿದ್ರಿ. ಎರಡು ಅರ್ಧಾನೂ ಗೊತ್ತಿಲ್ಲದೆ ಕೂತಿದ್ದೋಳು ನಾನು. ಇವರಿಗೆ ಬೇಜಾರಾಗುತ್ತೆ ಅಂತ ನೀನು, ಮರ್ಯಾದೆ ಹೋಗುತ್ತೆ ಅಂತ ಇವರು. ಇನ್ಮೇಲೆ ಇಬ್ರೂ ಬರೆಯೋದಿದ್ರೆ ನನಗೆ ಬರೀರಿ. ಮೇಲಿಂದ ಓದ್ತೀನಿ.


ಭಾನುವಾರ, ಮಾರ್ಚ್ 17
ಗ್ಯಾರೇಜಿಂದ

ಅಕ್ಕ,

ಮುಖ್ಯವಾದದ್ದು ಮೊದಲು. ತಪ್ಪಾಯ್ತು.

ಎರಡನೇದು, ಇದನ್ನ ಭಾವನಿಗೆ ಓದಿ ಹೇಳು. ಓವರ್‌ಟೇಕ್ ಮಧ್ಯೆ ಗಾಡಿ ಕೂತುಬಿಟ್ರೆ ಸಾಯೋದು ಇಂಜಿನ್ ಅಲ್ಲ, ಅವರು. ಅದನ್ನ ಅವರು ಮೊದಲ ಕಾಗದದಲ್ಲೇ ಬರೆದಿದ್ರು. ನಾನು ಇಂಜಿನ್ ಬಗ್ಗೆ ಯೋಚಿಸ್ದೆ, ಅವರ ಬಗ್ಗೆ ಜೋಕು ಮಾಡ್ದೆ. ಲಿಮಿಟ್ ಇರ್ಲೇಬೇಕು. ಆದ್ರೆ ಏಕಾಏಕಿ ಕತ್ತು ಹಿಸುಕೋ ಹಾಗಲ್ಲ. ಮೊದಲು ಬಝರ್ ಹೊಡೀಲಿ, ಆಮೇಲೆ ಬಲ ಮೆಲ್ಲಗೆ ಇಳೀಲಿ, ಲಾರಿ ದಾಟೋವಷ್ಟು ಉಸಿರು ಉಳೀಲಿ. ಹಾಗೆ ಇಡೋಕೆ ಬರುತ್ತೆ ಅಕ್ಕ, ಆಗ್ಲೂ ಬರ್ತಿತ್ತು. ಆ ಏರು ಎಷ್ಟು ಉದ್ದ, ಎಲ್ಲಿ ಎಷ್ಟು ಬಲ ಬೇಕು ಅಂತ ಭಾವ ಪಕ್ಕದಲ್ಲಿ ಕೂತು ಹೇಳ್ಬೇಕು, ನಾನು ಇಡ್ತೀನಿ. ಫೈಲಲ್ಲಿ ಒಂದು ಸಾಲನ್ನೂ ಅವರು ನೋಡದೆ ಮುಟ್ಟಲ್ಲ.

ಗಾಡಿ ಎಳೆದು ತರೋಕೆ ಲಾರಿ ಕಳಿಸಿದ್ದೀನಿ. ನೀವಿಬ್ರೂ ಅದರ ಮುಂದಿನ ಸೀಟಲ್ಲೇ ಬನ್ನಿ. ಹೊಸ ಇಂಜಿನ್ ಇಳಿಸೋವರೆಗೂ ಇಲ್ಲೇ ಇರಿ, ಹಾಸಿಗೆ ಹಾಕಿದ್ದೀನಿ. ಆ ಪೆಟ್ಟಿಗೆ ಬಿಸಾಡ್ಬೇಡಿ, ನನ್ನ ಕಾರ್ಡ್ ಜೊತೆ ಒಂದೇ ಮೊಳೆಗೆ ನೇತು ಹಾಕ್ಬೇಕು. ಅವೆರಡೂ ಒಂದೇ ಜಾತಿ, ಸುಳ್ಳು ಹೇಳೋ ಜಾತಿ.

ಬಂದ ತಕ್ಷಣ ಗ್ಯಾರೇಜ್ ಬಾಗಿಲು ತಟ್ಟಿ, ಭಾವ ಅವರ ಗಡಸು ದನೀಲಿ "ತೆಗಿ" ಅನ್ನಲಿ.

ತೆಗೀತೀನಿ. ಅದು ಬಾಗಿಲು, ಬೇರೆ ಅರ್ಥ ಇಲ್ಲ.